ಹೊಸ ಡಂಪಿಂಗ್ ಟ್ರೇಲರೋ, ಹಳೇ ಕಬ್ಬಿನ ಜೋಡಿಯೋ?

ಬಾಡಗಂಡಿಯಿಂದ ನಮ್ಮ ಸೋದರಮಾವನ ಮಗ ಫೋನ್ ಮಾಡಿದ್ದ. ‘ಅಣ್ಣಾ, ನೀ ಇಂಜಿನಿಯರಿಂಗ್ ಓದಿದಾಂವ, ಒಂದ್ ಮಾತ ಹೇಳು. ಹೊಸಾ ಡಂಪಿಂಗ್ ಟ್ರೇಲರ್ ತಗೊಳ್ಳಲ್ಯೋ, ಹಳೇವು ಎರಡು ಕಬ್ಬಿನ ಟ್ರೇಲರ್ ಜೋಡಿ ಸಿಗಾಕತ್ತಾವ, ಅವನ್ನ ತಗೊಳ್ಳಲ್ಯೋ?’ ಎರಡಕ್ಕೂ ಹೆಚ್ಚು ಕಡಿಮೆ ಒಂದೇ ದುಡ್ಡು. ಸಾಲ ಮಾತ್ರ ಎರಡಕ್ಕೂ ಬೇಕು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಹಂಗಾಮು ಶುರುವಾಗುವ ಮುನ್ನ ಎಷ್ಟೋ ಮನೆಗಳಲ್ಲಿ ಇದೇ ಚರ್ಚೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದದ್ದು ಬೆಲೆಯಲ್ಲ, ಏಪ್ರಿಲ್ ತಿಂಗಳು. ಕಬ್ಬು ನುರಿಸುವ ಹಂಗಾಮು ಅಕ್ಟೋಬರ್-ನವೆಂಬರಿಗೆ ಶುರುವಾದರೆ ಮಾರ್ಚ್ ಹೊತ್ತಿಗೆ ಮುಗಿದೇ ಹೋಗುತ್ತೆ. ಆಮೇಲೆ ಆ ಉದ್ದನೆಯ ಕಬ್ಬಿನ ಜೋಡಿ ಬೇವಿನ ಗಿಡದ ಕೆಳಗೆ ನಿಲ್ಲುತ್ತೆ, ಕಂತು ಮಾತ್ರ ನಿಲ್ಲೋದಿಲ್ಲ. ಡಂಪಿಂಗ್ ಟ್ರೇಲರ್ ತಿಪ್ಪೆಗೊಬ್ಬರ, ಗರಸು, ಗೋವಿನಜೋಳ ಅಂತ ವರ್ಷಪೂರ್ತಿ ಓಡುತ್ತೆ. ಆದರೆ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಅದರ ಹೈಡ್ರಾಲಿಕ್‌ನಿಂದ ಲಾಭವಿಲ್ಲ. ಕಬ್ಬು ಇಳಿಸಲು ಅಲ್ಲಿ ಕಾರ್ಖಾನೆಯದೇ ಯಂತ್ರ ಇರುತ್ತದೆ. ಕಬ್ಬಿನ ಗ್ಯಾಂಗ್ ಜೊತೆ ಒಪ್ಪಂದ ಆಗಿದ್ದರೆ ಮಾತ್ರ ಜೋಡಿಗೆ ಅರ್ಥವಿದೆ. ಗ್ಯಾಂಗ್ ಆಮೇಲೆ ನೋಡೋಣ ಅನ್ನುವವರು ಜೋಡಿ ಕೊಳ್ಳದಿರುವುದೇ ಒಳ್ಳೆಯದು.

ಹೊಸದರ ಪರ ಇನ್ನೊಂದು ಮಾತು. ಕೃಷಿ ಬಳಕೆಯ ಸೆಲ್ಫ್ ಲೋಡಿಂಗ್, ಸೆಲ್ಫ್ ಅನ್‌ಲೋಡಿಂಗ್ ಟ್ರೇಲರ್‌ಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಪಕ್ಕಾ ಬಿಲ್ ಇದ್ದರಷ್ಟೇ ಇದರ ಲಾಭ ಕೇಳಬಹುದು. ವೆಲ್ಡಿಂಗ್ ಅಂಗಡಿಯಲ್ಲಿ ಬಿಲ್ ಇಲ್ಲದೆ ಮಾಡಿಸಿದ ಟ್ರೇಲರ್ ಅಗ್ಗ ಕಾಣುತ್ತೆ, ನೋಂದಣಿಗೆ ಹೋದಾಗ ತುಟ್ಟಿ ಬೀಳುತ್ತೆ.

ಇನ್ನು ಭಾರದ ವಿಷಯ. ಇಲ್ಲೇ ಜನ ಎಡವುವುದು. ಎರಡು ಗಾಲಿಯ ಡಂಪಿಂಗ್ ಟ್ರೇಲರ್ ತನ್ನ ಭಾರದ ಸ್ವಲ್ಪ ಪಾಲನ್ನು ಟ್ರ್ಯಾಕ್ಟರಿನ ಕೊಂಡಿಯ ಮೇಲೆ ಹಾಕುತ್ತದೆ. ಹಿಂದಿನ ಗಾಲಿಗೆ ಹಿಡಿತ ಬರುತ್ತದೆ. ಹೆಚ್ಚು ತುಂಬಿದರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಕೇಳೋದಿಲ್ಲ. ನಾಲ್ಕು ಗಾಲಿಯದು ಭಾರವನ್ನು ತಾನೇ ಹೊರುತ್ತದೆ, ಕೊಂಡಿಗೆ ಬರೀ ಎಳೆತ. ಇಳಿಜಾರಿನಲ್ಲಿ ಅದೇ ಎಳೆತ ನೂಕಾಗುತ್ತದೆ. ನೂರು ಅಡಿಗೆ ಐದು ಅಡಿ ಇಳಿಯುವ ರಸ್ತೆ ಅಂದುಕೊಳ್ಳಿ. ಹಿಂದೆ 12 ಟನ್ ಇದ್ದರೆ ಅದು 600 ಕೆಜಿ ಬಲದಿಂದ ಟ್ರ್ಯಾಕ್ಟರನ್ನು ಮುಂದಕ್ಕೆ ದೂಡುತ್ತದೆ. ನಮ್ಮ ಬಹುತೇಕ ಟ್ರ್ಯಾಕ್ಟರುಗಳಿಗೆ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗೆ. ಅವುಗಳ ಮೇಲೆ ಒಂದೂಕಾಲು ಟನ್ ಭಾರ, ಧೂಳು ಕೂತ ಡಾಂಬರಿನ ಮೇಲೆ ಅರ್ಧದಷ್ಟು ಹಿಡಿತ ಅಂತ ಹಿಡಿದರೂ 600 ಚಿಲ್ಲರೆ ಕೆಜಿ. ಅಂದರೆ ಬ್ರೇಕೆಲ್ಲ ಆ ನೂಕನ್ನು ತಡೆಯುವುದಕ್ಕೇ ಮುಗಿಯಿತು. ಗಾಡಿ ನಿಲ್ಲಿಸಲು ಏನೂ ಉಳಿಯಲಿಲ್ಲ. ಹಾಡು ಹಾಕಿಕೊಂಡು ಜೋಡಿ ಎಳೆಯುವ ಹುಡುಗರಿಗೆ ಈ ಲೆಕ್ಕ ಯಾರೂ ಹೇಳಿಕೊಟ್ಟಿರೋದಿಲ್ಲ. ಹಾಗಾಗಿ ಹಳೇದೇ ಆಗಲಿ, ಹೊಸದೇ ಆಗಲಿ, ಟ್ರೇಲರಿಗೇ ಬ್ರೇಕ್ ಇದೆಯಾ, ಕೆಲಸ ಮಾಡುತ್ತಾ ನೋಡಿ.

ಹಳೇದನ್ನು ನೋಡಲು ಹೋಗುವಾಗ ಅಳತೆ ಟೇಪ್, ಜಾಕ್, ಟಾರ್ಚ್ ಒಯ್ಯಿರಿ. ಚಾಸಿಯ ಮೂಲೆಯಿಂದ ಎದುರು ಮೂಲೆಗೆ ಎರಡೂ ಕರ್ಣ ಅಳೆಯಿರಿ. ಒಂದಕ್ಕೊಂದು ಹೊಂದದಿದ್ದರೆ ಗಾಡಿ ಎಂದೋ ಪಲ್ಟಿಯಾಗಿದೆ, ಇಲ್ಲವೇ ತಿರುಚಿಕೊಂಡಿದೆ. ಗಾಲಿ ಎತ್ತಿ ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್. ಟೈರ್ ಒಂದೇ ಅಂಚಿನಲ್ಲಿ ಸವೆದಿದ್ದರೆ ಆಕ್ಸಲ್ ಬಾಗಿರುವ ಅನುಮಾನ. ಕೊಂಡಿಯ ಬುಡ ಮತ್ತು ಕಮಾನು ಪಟ್ಟಿ ಕೂರುವ ಜಾಗದಲ್ಲಿ ಹೊಸ ಬಣ್ಣ ಕಂಡರೆ ಉಗುರಿನಿಂದ ಕೆರೆಯಿರಿ. ಬಣ್ಣದ ಕೆಳಗೆ ವೆಲ್ಡಿಂಗ್ ಮೇಲೆ ವೆಲ್ಡಿಂಗ್ ಇದ್ದರೆ ವಾಪಸ್ ಬನ್ನಿ.

ಕಾಗದ ಇನ್ನೂ ಮುಖ್ಯ. ಟ್ರೇಲರಿಗೆ ಅದರದೇ ನೋಂದಣಿ ಬೇಕು, ಟ್ರ್ಯಾಕ್ಟರಿನ ಆರ್‌ಸಿ ಸಾಲದು. ಚಾಸಿ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿ. ವರ್ಗಾವಣೆಗೆ ಫಾರಂ 29 ಮತ್ತು 30, ಸಾಲ ತೀರಿದ್ದರೆ ಫಾರಂ 35. ಮಹಾರಾಷ್ಟ್ರದಿಂದ ಬಂದದ್ದಾದರೆ ಅಲ್ಲಿನ ಎನ್‌ಒಸಿ ಇಲ್ಲದೆ ಜಮಖಂಡಿಯ ಕೆಎ-48 ನಂಬರ್ ಸಿಗೋದಿಲ್ಲ. ಮಾರುವವರಿಗೂ ಒಂದು ಮಾತು: ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ, ನವೀನ್ ಕುಮಾರ್ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿದೆ. ‘ಮಾರಿ ಎರಡ ವರ್ಷ ಆತ್ರೀ’ ಅನ್ನೋದು ಅಲ್ಲಿ ನಡೆಯೋದಿಲ್ಲ. ವಿಮೆಯಲ್ಲಿ ಟ್ರೇಲರ್ ಹೆಸರು ಪ್ರತ್ಯೇಕವಾಗಿ ಸೇರಿದೆಯಾ, ಕೃಷಿಗೆ ಮಾತ್ರವಾ, ಬಾಡಿಗೆಗೂ ಉಂಟಾ ಓದಿ ನೋಡಿ. ಕೃಷಿಯ ಪಾಲಿಸಿ ಇಟ್ಟುಕೊಂಡು ಇಟ್ಟಂಗಿ ಹೇರಿದರೆ ಕ್ಲೇಮಿಗೆ ತಕರಾರು ಬರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ: ಸ್ವಂತ ಹೊಲ ಇದ್ದು, ಕಬ್ಬು ಸಾಗಣೆ ಪಕ್ಕದ ಆದಾಯ ಮಾತ್ರ ಅನ್ನುವವರಿಗೆ ಹೊಸ ಡಂಪಿಂಗ್. ಸಾಗಣೆಯೇ ದಂಧೆ, ಗ್ಯಾಂಗ್ ಕೈಯಲ್ಲಿದೆ, ಟ್ರ್ಯಾಕ್ಟರಿನ ತಾಕತ್ತೂ ಸರಿಹೊಂದುತ್ತದೆ ಅಂದರೆ ಹಳೇ ಜೋಡಿ, ಉಳಿದ ದುಡ್ಡಿನಲ್ಲಿ ಟೈರ್ ಮತ್ತು ಬ್ರೇಕ್.

ತಮ್ಮ ಮರುದಿನ ಟೇಪ್ ಹಿಡಿದು ಹೋದ. ಮುಂದಿನ ಟ್ರೇಲರ್ ಸರಿಯಿತ್ತು. ಹಿಂದಿನದರ ಕರ್ಣದಲ್ಲಿ ಎರಡು ಇಂಚು ವ್ಯತ್ಯಾಸ, ಹಿಂಬದಿಗೆ ಒಂದು ಕೆಂಪು ರಿಫ್ಲೆಕ್ಟರ್ ಕೂಡ ಇರಲಿಲ್ಲ. ಜೋಡಿ ಒಡೆಯಲು ಮಾರುವವರು ಒಪ್ಪಲಿಲ್ಲ. ಈಗ ಡಂಪಿಂಗ್‌ಗೆ ಕೊಟೇಶನ್ ತರಿಸಿದ್ದಾನೆ, ಬ್ರೇಕ್ ಸಮೇತ.