ಗುಂಡಿಗೂ ಒಂದು ಜೋಡು

ಕೋವಿಯ ಬಾಯಿಯಿಂದಲೇ ಮದ್ದು, ಗುಂಡು ಹಾಕಿ ಗಜದಲ್ಲಿ ಗುದ್ದುತ್ತಿದ್ದ ಕಾಲಕ್ಕೆ ಒಂದು ತಲೆನೋವಿತ್ತು. ಗುಂಡು ನಳಿಗೆಗಿಂತ ಸಣ್ಣದಾದರೆ ಸಲೀಸಾಗಿ ಇಳಿಯುತ್ತೆ, ಆದ್ರೆ ಸುಟ್ಟಾಗ ಅನಿಲ ಪಕ್ಕದಿಂದ ಸೋರಿ ಗುರಿ ಕೆಡುತ್ತೆ. ಬಿಗಿಯಾದರೆ ಗುರಿ ಸರಿ, ತುಂಬೋದೇ ಕಷ್ಟ. ನಮ್ಮ ಮಲೆನಾಡಿನ ಕೇಪಿನ ಕೋವಿಯವರು ತೆಂಗಿನ ನಾರು ತುರುಕಿ ಸುಧಾರಿಸಿಕೊಂಡರು. ಅಮೆರಿಕದ ಬೇಟೆಗಾರರು ಗುಂಡಿಗೆ ಜಿಡ್ಡು ಸವರಿದ ಬಟ್ಟೆ ಸುತ್ತಿದರು. ಫಿರಂಗಿಯವರು ಗುಂಡಿನ ಬುಡಕ್ಕೆ ಮರದ ಬಿಲ್ಲೆ ಕಟ್ಟಿದರು. ಅದರ ಹೆಸರು ಸ್ಯಾಬೊ, ಫ್ರೆಂಚಿನಲ್ಲಿ ಮರದ ಜೋಡು. (ಆಫೀಸಲ್ಲಿ ನಾವು ಬಳಸೋ 'ಸ್ಯಾಬೊಟಾಜ್' ಕೂಡ ಇದೇ ಬೇರಿನದು. ಕಾರ್ಮಿಕರು ಯಂತ್ರಕ್ಕೆ ಜೋಡು ಎಸೆದ ಕತೆಯನ್ನು ಮಾತ್ರ ನಾನು ನಂಬೋದಿಲ್ಲ.)

ಜೋಡನ್ನೇ ಗುಂಡಿನೊಳಗೆ ಇಡುವ ಉಪಾಯ ಮೊದಲು ಹೊಳೆದದ್ದು ಇಂಗ್ಲೆಂಡಿನ ವಿಲಿಯಂ ಗ್ರೀನರ್‌ಗೆ. ಟೊಳ್ಳು ಬುಡದ ಗುಂಡು, ಅದಕ್ಕೊಂದು ಬೆಣೆ. ಸುಟ್ಟಾಗ ಬೆಣೆ ಒಳಗೆ ನುಗ್ಗಿ ಸೀಸ ಹಿಗ್ಗಬೇಕು. 1830ರ ದಶಕದಲ್ಲಿ ಅವನ ಸರ್ಕಾರ ಬೇಡ ಅಂದಿತು. 1849ರಲ್ಲಿ ಫ್ರಾನ್ಸಿನ ಕ್ಯಾಪ್ಟನ್ ಮಿನಿಯೆ ಕಬ್ಬಿಣದ ಪುಟ್ಟ ಬಟ್ಟಲು ಕೂರಿಸಿ ಅದನ್ನೇ ಮಾಡಿದಾಗ ಅದೇ ಸರ್ಕಾರ ಅವನಿಗೆ 20,000 ಪೌಂಡ್ ಕೊಟ್ಟಿತು. ಗ್ರೀನರ್ ಜಗಳ ಬಿಡಲಿಲ್ಲ. 1857ರಲ್ಲಿ ಅವನಿಗೆ 1,000 ಸಿಕ್ಕಿತು. ಐಡಿಯಾ ಕದ್ದ ಮ್ಯಾನೇಜರ್ ನೆನಪಾದರೆ ನಾನು ಜವಾಬ್ದಾರನಲ್ಲ.

ಬಟ್ಟಲಿಗೆ ಖರ್ಚು, ಮೇಲೆ ಒಮ್ಮೊಮ್ಮೆ ಅದು ಗುಂಡನ್ನೇ ತೂರಿಕೊಂಡು ಹೋಗುತ್ತಿತ್ತು. ಅಮೆರಿಕದ ಹಾರ್ಪರ್ಸ್ ಫೆರಿ ಕಾರ್ಖಾನೆಯ ಜೇಮ್ಸ್ ಬರ್ಟನ್ ಟೊಳ್ಳನ್ನು ಆಳ ಮಾಡಿ, ಅಂಚು ತೆಳು ಮಾಡಿ, ಬಟ್ಟಲನ್ನೇ ಕಿತ್ತುಹಾಕಿದ. ಬರೀ ಅನಿಲಕ್ಕೇ ಸೀಸ ಹಿಗ್ಗಿತು. ಅಗ್ಗ, ಸುಲಭ, ಸಾವಿರಗಟ್ಟಲೆ ಎರಕ ಹೊಯ್ಯಬಹುದು. 1855ರಲ್ಲಿ ಇದನ್ನು ಸೈನ್ಯಕ್ಕೆ ಒಪ್ಪಿಸಿದ ಯುದ್ಧ ಕಾರ್ಯದರ್ಶಿ ಜೆಫರ್ಸನ್ ಡೇವಿಸ್. ಆರು ವರ್ಷದಲ್ಲಿ ಆತ ಬಂಡೆದ್ದ ದಕ್ಷಿಣದ ಅಧ್ಯಕ್ಷನಾದ. ಎರಡೂ ಕಡೆಯವರು ಇದೇ ಗುಂಡು ಹಾರಿಸಿದರು. ಸುಮಾರು 32 ಗ್ರಾಂನ ಈ ಮೆತ್ತನೆ ಸೀಸ ಮೂಳೆಗೆ ತಗುಲಿದರೆ ಪುಡಿಪುಡಿ. ಡಾಕ್ಟರ ಕೈಯಲ್ಲಿ ಉಳಿದದ್ದು ಗರಗಸ. ಲೆಕ್ಕಾಚಾರದ ಜಾಣತನಕ್ಕೆ ಬರ್ಟನ್‌ಗೆ ನೂರಕ್ಕೆ ನೂರು ಕೊಡ್ತೀನಿ, ಕೊಡುವಾಗ ಕೈ ತಡೆಯುತ್ತೆ.

ಜೋಡು ಮತ್ತೆ ಬಂದದ್ದು 1980ರ ದಶಕದ ಅಮೆರಿಕದಲ್ಲಿ, ಪ್ಲಾಸ್ಟಿಕ್ಕಾಗಿ. .50 ನಳಿಗೆಯಲ್ಲಿ .45 ಪಿಸ್ತೂಲ್ ಗುಂಡು. ಹೊರಬಿದ್ದ ಕೂಡಲೇ ಎಸಳು ಬಿಚ್ಚಿ ಕಳಚುತ್ತೆ. ಬುಡ ಹರಿಯಬಾರದು, ಬೆಲೆಯೂ ಕೈಗೆಟುಕಬೇಕು, ಯಾಕಂದ್ರೆ ಪ್ರತಿ ಈಡಿಗೂ ಹೊಸದು ಬೇಕು. ನಳಿಗೆ ಬಿಸಿಯಾದರೆ ಪ್ಲಾಸ್ಟಿಕ್ ಮೆತ್ತಗಾಗುತ್ತೆ. ಆರುವ ತನಕ ಕಾಯಬೇಕು.