ಗರುಡಗಂಬದಿಂದ ಜಿಪಿಎಸ್‌ವರೆಗೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಒಂದು ಗರುಡಗಂಬವಿದೆ. ಇಮ್ಮಡಿ ವೀರಬಲ್ಲಾಳನ (1173–1220) ಸೇವೆಯಲ್ಲಿದ್ದ ಕುವರ ಲಕ್ಷ್ಮನ ಕಥೆಯನ್ನು ಅದರ ಶಾಸನ ಹೇಳುತ್ತದೆ. ಒಡೆಯ ತೀರಿಕೊಂಡಾಗ ಲಕ್ಷ್ಮ, ಅವನ ಹೆಂಡತಿ ಹಾಗೂ ಜೊತೆಯ ಲೆಂಕರು ಪ್ರಾಣ ಬಿಟ್ಟರು. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರ ಶಿಲ್ಪಗಳು ಕಂಬದ ಮೇಲಿವೆ. ಲೆಂಕನ ಬದುಕು ಪೂರ್ತಿ ಒಡೆಯನಿಗೇ ಮೀಸಲು.

ಇಂದಿನ ನೌಕರಿ ಹಾಗಲ್ಲ. ಸಂಬಳಕ್ಕೆ ಪ್ರತಿಯಾಗಿ ಕೊಡುವುದು ಗೊತ್ತಾದ ಗಂಟೆಗಳ ದುಡಿಮೆ ಮಾತ್ರ. ಆದರೆ ಈ ಕಂಬ ನೋಡಲು ಪ್ರವಾಸಿಗರನ್ನು ಕರೆತರುವ ಟ್ಯಾಕ್ಸಿಯ ಚಾಲಕ ಎಲ್ಲಿದ್ದಾನೆಂದು ಮಾಲೀಕ ಕುಳಿತಲ್ಲೇ ತಿಳಿಯಬಲ್ಲ. ಹೊಸ ಬಸ್ಸು, ಟ್ಯಾಕ್ಸಿಗಳಲ್ಲಿ ಸ್ಥಳ ತೋರಿಸುವ ಸಾಧನ ಹಾಗೂ ತುರ್ತು ಗುಂಡಿ ಇರಬೇಕೆಂಬ ಕೇಂದ್ರದ ನಿಯಮ 2019ರ ಜನವರಿ 1ರಿಂದ ಜಾರಿಗೆ ಬಂತು. ಉದ್ದೇಶ ಪ್ರಯಾಣಿಕರ ಸುರಕ್ಷತೆ. ಕಳವು, ಡೀಸೆಲ್ ಪೋಲು ತಡೆಯಲು ಕಂಪನಿಗಳು ತಾವಾಗಿಯೇ ಅಳವಡಿಸುವುದೂ ಉಂಟು. ಚಾಲಕ ಅದೇ ವಾಹನವನ್ನು ರಾತ್ರಿ ಮನೆಗೆ ಒಯ್ದರೆ, ಅವನು ಹೋದ ಆಸ್ಪತ್ರೆ, ನೆಂಟರ ಮನೆಯೂ ದಾಖಲಾಗುತ್ತವೆ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಕಲಮು, ಉದ್ಯೋಗದ ಉದ್ದೇಶಕ್ಕೆ ಮತ್ತು ಮಾಲೀಕನ ನಷ್ಟ ತಡೆಗೆ ನೌಕರನ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು ಎನ್ನುತ್ತದೆ. ಕೆಲಸ ಮುಗಿದ ಮೇಲಿನ ಹೊತ್ತೂ ಉದ್ಯೋಗದ ಉದ್ದೇಶದೊಳಗೆ ಸೇರುತ್ತದೆಯೇ? ಪ್ರಶ್ನೆ ಇರುವುದು ಇಲ್ಲೇ.

ಲೆಂಕರು ತಿಳಿದೇ ಪ್ರತಿಜ್ಞೆ ತೊಟ್ಟವರು. ತನ್ನ ಗಾಡಿಯಲ್ಲಿ ಏನು ದಾಖಲಾಗುತ್ತದೆ, ಅದು ಯಾವಾಗ ನಿಲ್ಲುತ್ತದೆ ಎಂಬಷ್ಟಾದರೂ ಚಾಲಕನಿಗೆ ಮೊದಲೇ ತಿಳಿಯಬೇಡವೇ?