ಅಂಗಡಿ ನೌಕರರ ವ್ಯವಹಾರನೀತಿ (ಪುತ್ತೂರು, ಸುಳ್ಯ, ಕಡಬ)

ದಕ್ಷಿಣ ಕನ್ನಡದ ಈ ಮೂರು ತಾಲೂಕುಗಳಲ್ಲಿ ವ್ಯವಹಾರನೀತಿಯ ಪ್ರಶ್ನೆ ಮಾರುವವರಿಗಷ್ಟೇ ಅಲ್ಲ, ಅಡಿಕೆ ಖರೀದಿಗೆ ಕೂತವರಿಗೂ ಇದೆ. ಅಡಿಕೆ ಮಾರಲು ಪೇಟೆಗೆ ಬಂದ ಕೃಷಿಕರು ಅದೇ ಹಣದಲ್ಲಿ ದಿನಸಿ ಕೊಂಡು ಮರಳುತ್ತಾರೆ.

ಅಡಿಕೆ ಅಂಗಡಿಯ ನೌಕರನಿಗೆ ನಿಜವಾದ ಪರೀಕ್ಷೆ ತಕ್ಕಡಿಯಲ್ಲಲ್ಲ, ದರ್ಜೆ ನಿರ್ಣಯದಲ್ಲಿ. ಗೋಣಿಗೆ ಕೈಹಾಕಿ ಒಂದು ಹಿಡಿ ತೆಗೆದು, ಒಂದೆರಡನ್ನು ಕತ್ತರಿಸಿ ಒಳಬಣ್ಣ ನೋಡಿ, ಹೊಸ ಚಾಲಿ, ಹಳೆ ಚಾಲಿ, ಪಟೋರ, ಕರಿಗೋಟು ಎಂದು ಹೇಳುವುದು ಕಣ್ಣಂದಾಜಿನ ಕೆಲಸ. ಒಳ್ಳೆಯ ಚಾಲಿಯನ್ನು ಪಟೋರಕ್ಕೆ ಇಳಿಸಿದರೆ ಬೆಳೆಗಾರನಿಗೆ ನಷ್ಟ. ನೆಂಟರ ಪಟೋರವನ್ನು ಚಾಲಿಗೆ ಏರಿಸಿದರೆ ಸಂಸ್ಥೆಗೆ. ಬಿಲ್ಲಿನಲ್ಲಿ ಎರಡೂ ಕಾಣುವುದಿಲ್ಲ.

1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಬೆಳೆಗಾರರದೇ ಸಹಕಾರಿ. ಇಂಥ ಸಂಸ್ಥೆಯ ಖರೀದಿ ಕೇಂದ್ರದಲ್ಲಿ ಎದುರು ನಿಂತವರು ಎಷ್ಟೋ ಸಲ ಅದರ ಸದಸ್ಯರೇ ಆಗಿರುವುದರಿಂದ ನೌಕರನ ಹೊಣೆ ಇಮ್ಮಡಿ.

ಚಿಲ್ಲರೆ ಅಂಗಡಿಗಳಿಗೆ ಕಾನೂನು ಸ್ಪಷ್ಟ. 2009ರ ಕಾನೂನು ಮಾಪನ ಕಾಯ್ದೆಯಂತೆ ಮುದ್ರೆಯಿಲ್ಲದ ತಕ್ಕಡಿ ಬಳಸುವಂತಿಲ್ಲ. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆ ಮೀರುವಂತಿಲ್ಲ. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಆದರೆ ಕ್ಯಾಶಿನಲ್ಲಿ ಕೂತವರು ಚಿಲ್ಲರೆಯ ಬದಲು ಚಾಕಲೇಟು ಕೊಡುವ ರೂಢಿ ಇಲ್ಲಿಯೂ ಪೂರ್ತಿ ಹೋಗಿಲ್ಲ.

ಇದಕ್ಕಿಂತ ಹೆಚ್ಚು ಸೂಕ್ಷ್ಮವಾದದ್ದು ಅಡಿಕೆ ಖರೀದಿಯಲ್ಲಿ ಮಾಹಿತಿಯ ದುರುಪಯೋಗ: ನಾಳೆ ದರ ಏರುವ ಸುಳಿವು ಸಿಕ್ಕ ನೌಕರ ಇಂದೇ ಬೇರೆಯವರ ಹೆಸರಿನಲ್ಲಿ ಅಡಿಕೆ ಕೊಂಡಿಡುವುದು.